ನಿಂತಾಗ ನೆಟ್ಟಗೆ, ಹೊರಟರೆ ಓರೆ: ಏರ್ ಸಸ್ಪೆನ್ಷನ್‌ನ ದೋಷ ಗಾಳಿಯದೋ ವಿದ್ಯುತ್ತಿನದೋ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರ. ಏರ್ ಸಸ್ಪೆನ್ಷನ್ (ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ಕಾರು ನಿಲ್ಲುವ ವ್ಯವಸ್ಥೆ) ಇರುವ 2013ರ ಮಾದರಿಯ ಐಷಾರಾಮಿ ಎಸ್‌ಯುವಿಯೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ಎರಡು ವರ್ಷವಾಯಿತು. ಈ ಜೂನ್‌ನಲ್ಲಿ ಮಳೆ ಹಿಡಿದಂದಿನಿಂದ ಒಂದು ತೊಂದರೆ ಶುರುವಾಗಿದೆ. ರಾತ್ರಿ ಶೆಡ್ಡಿನಲ್ಲಿ ಕಾರು ಸಮವಾಗಿಯೇ ನಿಂತಿರುತ್ತದೆ. ಬೆಳಿಗ್ಗೆ ಹೊರಟು ಎರಡು ಮೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಹಿಂಭಾಗದ ಎಡಗಡೆ ಕುಸಿದು, ಸಸ್ಪೆನ್ಷನ್ ದೋಷವಿದೆಯೆಂಬ ಸಂದೇಶ ಬರುತ್ತದೆ. ಬಿಸಿಲು ಬಿದ್ದ ದಿನ ತೊಂದರೆಯೇ ಇಲ್ಲ. ಗ್ಯಾರೇಜಿನವರು ಗಾಳಿ ತುಂಬುವ ಕಂಪ್ರೆಸರ್ ಬದಲಾಯಿಸಿದರು. ಮೂರು ವಾರ ಸರಿಯಿದ್ದು ಮತ್ತೆ ಅದೇ ಕಥೆ. ನಡುವೆ 40 ಆಂಪಿಯರ್ ಫ್ಯೂಸ್ ಎರಡು ಬಾರಿ ಸುಟ್ಟಿದ್ದರಿಂದ ಈಗ 60 ಆಂಪಿಯರಿನದನ್ನು ಹಾಕಿಕೊಟ್ಟಿದ್ದಾರೆ. ಸ್ಕ್ಯಾನರ್‌ನಲ್ಲಿ 'ಹಿಂದಿನ ಎಡ ಎತ್ತರದ ಸೆನ್ಸರ್ ಸಂಕೇತ ಅಸಹಜ' ಮತ್ತು 'ಕಂಪ್ರೆಸರ್ ಮಿತಿಮೀರಿ ಓಡಿದೆ' ಎಂಬ ಎರಡು ಕೋಡ್‌ಗಳು ಬಂದಿವೆ. ಇನ್ನೊಂದು ಕಡೆ ತೋರಿಸಿದರೆ ನಾಲ್ಕೂ ಏರ್ ಸ್ಟ್ರಟ್‌ಗಳನ್ನೂ (ಗಾಳಿಚೀಲ ಸೇರಿದ ಕಂಬಗಳು) ಕಂಟ್ರೋಲ್ ಮಾಡ್ಯೂಲನ್ನೂ (ಇವನ್ನೆಲ್ಲ ನಿಯಂತ್ರಿಸುವ ಕಂಪ್ಯೂಟರ್) ಬದಲಿಸಬೇಕೆನ್ನುತ್ತಾರೆ. ಮತ್ತೊಬ್ಬರು ಎಲ್ಲವನ್ನೂ ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕಿಸಿ ಎನ್ನುತ್ತಾರೆ. ಇದು ಗಾಳಿಯ ದೋಷವೋ, ವಿದ್ಯುತ್ತಿನ ದೋಷವೋ? ಮಳೆಗಾಲ ಮುಗಿಯುವವರೆಗೆ ಹೀಗೆಯೇ ಓಡಿಸಬಹುದೇ?

ಉತ್ತರ: ಮಿಕ್ಕ ವಿಷಯಕ್ಕೆ ಹೋಗುವ ಮೊದಲು ಒಂದು ಕೆಲಸವನ್ನು ನೀವು ಇವತ್ತೇ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಆ 60 ಆಂಪಿಯರ್ ಫ್ಯೂಸನ್ನು ತೆಗೆದುಬಿಡಿ. ಫ್ಯೂಸ್ ಇರುವುದು ಕಂಪ್ರೆಸರ್ ಮೋಟರನ್ನು ಕಾಯುವುದಕ್ಕೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಕಾಯುವುದು ತಂತಿಯನ್ನು. ನಿಮ್ಮ ಕಾರಿನಲ್ಲಿ ಆ ತಂತಿಯ ದಪ್ಪವನ್ನು ನಿರ್ಧರಿಸಿದವರು 40 ಆಂಪಿಯರ್ ಫ್ಯೂಸ್ ಅದರ ಮುಂದೆ ಇರುತ್ತದೆ ಎಂಬ ಲೆಕ್ಕದಲ್ಲಿ ನಿರ್ಧರಿಸಿದ್ದಾರೆ. ಅಲ್ಲಿ 60 ಆಂಪಿಯರಿನದನ್ನು ಕೂರಿಸಿದರೆ, ದೋಷ ಬಂದಾಗ ಮೊದಲು ಕರಗುವುದು ತಂತಿಯ ಹೊದಿಕೆ, ಆಮೇಲೆ ಫ್ಯೂಸ್. ಫ್ಯೂಸ್ ಎರಡು ಬಾರಿ ಸುಟ್ಟಿದೆಯೆಂದರೆ ಅದು ಎರಡು ಬಾರಿ ತನ್ನ ಕೆಲಸ ಮಾಡಿದೆ, ಅಷ್ಟೇ. ಯಾಕೆ ಸುಟ್ಟಿತೆಂದು ಹುಡುಕದೆ ದೊಡ್ಡದನ್ನು ಹಾಕುವುದು ಕೆಲಸವೇ ಅಲ್ಲ.

ಇನ್ನು ನಿಮ್ಮ ಪತ್ರದಲ್ಲಿರುವ ಅತ್ಯಂತ ಬೆಲೆಬಾಳುವ ಮಾತಿಗೆ ಬರುತ್ತೇನೆ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಸಮವಾಗಿಯೇ ಇರುತ್ತದೆ, ಓಡಿದ ಮೇಲೆ ಮಾತ್ರ ಒಂದು ಮೂಲೆ ಕುಸಿಯುತ್ತದೆ ಎಂದಿದ್ದೀರಿ. ಈ ವಾಕ್ಯವನ್ನು ಮೂರು ಗ್ಯಾರೇಜುಗಳಲ್ಲಿ ಯಾರೂ ಕಿವಿಗೊಟ್ಟು ಕೇಳಿದಂತಿಲ್ಲ. ಕಾರು ನಿಂತು ಬೀಗ ಬಿದ್ದ ಮೇಲೆ ವಾಲ್ವ್‌ಗಳೆಲ್ಲ ಮುಚ್ಚಿಕೊಂಡು, ಗಾಳಿ ಆಯಾ ಮೂಲೆಯ ಬೆಲ್ಲೋ ಎಂಬ ರಬ್ಬರ್ ಚೀಲದಲ್ಲಿಯೇ ಸೆರೆಯಾಗಿರುತ್ತದೆ. ರಬ್ಬರಿನಲ್ಲಿ ಬಿರುಕೋ ಪೈಪಿನ ಜೋಡಣೆಯಲ್ಲಿ ಸೋರಿಕೆಯೋ ಇದ್ದರೆ ಅದಕ್ಕೆ ಹಗಲು ರಾತ್ರಿಯ ಭೇದವಿಲ್ಲ. ಕಾರು ನಿಂತಲ್ಲೇ ಕುಸಿಯಬೇಕು. ಎಂಟು ಹತ್ತು ಗಂಟೆ ಅಲುಗಾಡದೆ ನಿಂತು, ಕಂಪ್ಯೂಟರ್ ಎಚ್ಚರವಾಗಿ ಕೆಲಸಕ್ಕಿಳಿದ ಮೇಲೆ ಮಾತ್ರ ಕುಸಿಯುತ್ತದೆಯೆಂದರೆ, ಗಾಳಿ ಸೋರುತ್ತಿಲ್ಲ, ಯಾರೋ ವಾಲ್ವ್ ತೆಗೆದು ಬಿಡುತ್ತಿದ್ದಾರೆ ಎಂದೇ ಅರ್ಥ. ಹಾಗೆ ಬಿಡುವ ಅಧಿಕಾರ ಇರುವುದು ಕಂಟ್ರೋಲ್ ಮಾಡ್ಯೂಲ್‌ಗೆ ಮಾತ್ರ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೆಲವು ಕಾರುಗಳ ಮಾಡ್ಯೂಲ್‌ಗಳು ನಿಲ್ಲಿಸಿದ ಮೇಲೂ ಆಗಾಗ ಎಚ್ಚರಗೊಂಡು, ಒಂದು ಮೂಲೆ ಇಳಿದಿದ್ದರೆ ಉಳಿದ ಮೂರನ್ನೂ ಅದರ ಮಟ್ಟಕ್ಕೆ ಇಳಿಸಿ ಸಮ ಮಾಡಿಬಿಡುತ್ತವೆ. ಆಗ ಸಣ್ಣ ಸೋರಿಕೆ ಇದ್ದರೂ ಬೆಳಿಗ್ಗೆ ಕಾರು ನೋಡುವುದಕ್ಕೆ ಸಮವಾಗಿಯೇ ಇರುತ್ತದೆ, ಆದರೆ ಒಟ್ಟಾರೆ ಗಿಡ್ಡವಾಗಿರುತ್ತದೆ. ಆದ್ದರಿಂದ ಕಣ್ಣಳತೆಯನ್ನು ನಂಬದೆ, ಒಂದು ಟೇಪು ಹಿಡಿದು ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಟ್ಟುಕೊಳ್ಳಿ. ಸಸ್ಪೆನ್ಷನ್ ಮಾಡ್ಯೂಲ್‌ನ ಫ್ಯೂಸ್ ತೆಗೆದು ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ಅಳೆಯಿರಿ. ಸಮತಟ್ಟಾದ ನೆಲದಲ್ಲಿ ನಾಲ್ಕೂ ಅಳತೆಗಳು ಹೆಚ್ಚು ಕಡಿಮೆ ಹಾಗೆಯೇ ಉಳಿದಿದ್ದರೆ ಗಾಳಿಯ ಕಡೆಯ ಅನುಮಾನವನ್ನು ಸದ್ಯಕ್ಕೆ ಬದಿಗಿಡಬಹುದು, ನಾಲ್ಕು ಸ್ಟ್ರಟ್‌ಗಳ ಖರ್ಚನ್ನೂ ಅದರ ಜೊತೆಗೇ ಬದಿಗಿಡಬಹುದು.

ಬೆಂಗಳೂರು–ಮಂಗಳೂರು ದಾರಿಯಲ್ಲಿ ಹಾಸನ ದಾಟಿ ಹೋಗುವ ದೊಡ್ಡ ಬಸ್ಸುಗಳ ಅಡಿಯಲ್ಲೂ ಇಂಥವೇ ಗಾಳಿಯ ಬೆಲ್ಲೋಗಳಿವೆ. ಆದರೆ ಅಂಥ ಹಲವು ಬಸ್ಸುಗಳಲ್ಲಿ ಗಾಳಿ ತುಂಬುವುದು ಎಂಜಿನ್ನೇ ತಿರುಗಿಸುವ ಕಂಪ್ರೆಸರ್. ಎತ್ತರ ನೋಡಿಕೊಳ್ಳುವುದು ಆಕ್ಸಲ್‌ಗೆ ಕಡ್ಡಿ ಕಟ್ಟಿದ ಒಂದು ಯಾಂತ್ರಿಕ ವಾಲ್ವ್. ಕಾರುಗಳಲ್ಲೂ ಮೊದಲು ಹಾಗೆಯೇ ಇತ್ತು. 1961ರ ಮರ್ಸಿಡಿಸ್ 300 ಎಸ್‌ಇಯ ವ್ಯವಸ್ಥೆ ಅಂಥದ್ದೇ. ಇಂದಿನ ಐಷಾರಾಮಿ ಕಾರಿನಲ್ಲಿ ಗಾಳಿ ತುಂಬುವುದು ವಿದ್ಯುತ್ ಮೋಟರ್, ಎತ್ತರ ನೋಡುವುದು ಎಲೆಕ್ಟ್ರಾನಿಕ್ ಸೆನ್ಸರ್, ವಾಲ್ವ್ ತೆಗೆದು ಮುಚ್ಚುವುದು ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತ, ಇವೆಲ್ಲಕ್ಕೂ ಆಜ್ಞೆ ಕೊಡುವುದು ಮಾಡ್ಯೂಲ್. ಹಾಗಾಗಿಯೇ ಬಸ್ಸಿನ ಮೆಕ್ಯಾನಿಕ್ ಸೋಪಿನ ನೊರೆ ಹಚ್ಚಿ ಐದು ನಿಮಿಷದಲ್ಲಿ ಕಂಡುಹಿಡಿಯುವ ರೋಗವನ್ನು ಇಲ್ಲಿ ಮಲ್ಟಿಮೀಟರ್ ಹಿಡಿದು ಹುಡುಕಬೇಕಾಗುತ್ತದೆ.

ಎತ್ತರದ ಸೆನ್ಸರ್ ಎಂಬುದು ಚಕ್ರದ ಕಮಾನಿನ ಒಳಗೆ, ಕಾರಿನ ಮೈಗೆ ಕಚ್ಚಿಕೊಂಡಿರುವ ಬೆಂಕಿಪೆಟ್ಟಿಗೆ ಗಾತ್ರದ ವಸ್ತು. ಅದರ ತೋಳನ್ನು ಒಂದು ಸಣ್ಣ ಕಡ್ಡಿಯ ಮೂಲಕ ಸಸ್ಪೆನ್ಷನ್ ಆರ್ಮ್‌ಗೆ ಸೇರಿಸಿರುತ್ತಾರೆ. ಬಹುತೇಕ ಕಾರುಗಳಲ್ಲಿ ಅದಕ್ಕೆ ಮೂರು ತಂತಿಗಳು: ಮಾಡ್ಯೂಲ್ ಕಳುಹಿಸುವ 5 ವೋಲ್ಟ್, ಅರ್ತ್, ಮತ್ತು ಸಂಕೇತ. ಕಾರು ಮೇಲೆ ಕೆಳಗೆ ಆಡಿದಂತೆ ಸಂಕೇತದ ವೋಲ್ಟೇಜ್ ಸುಮಾರು ಅರ್ಧ ವೋಲ್ಟ್‌ನಿಂದ ನಾಲ್ಕೂವರೆ ವೋಲ್ಟ್‌ವರೆಗಿನ ಹರವಿನಲ್ಲಿ ಬದಲಾಗುತ್ತದೆ. ಈ ತಂತಿಯಲ್ಲಿ ಹರಿಯುವ ವಿದ್ಯುತ್ ಅತ್ಯಲ್ಪ. ಹೆಡ್‌ಲೈಟಿನ ಕನೆಕ್ಟರ್‌ಗೆ ಸ್ವಲ್ಪ ಕೆಸರುನೀರು ಹೋದರೆ ಬಲ್ಬಿಗೆ ಅದು ಗೊತ್ತೇ ಆಗುವುದಿಲ್ಲ. ಸೆನ್ಸರ್ ಕನೆಕ್ಟರ್‌ನಲ್ಲಿ ಅದೇ ಒಂದು ಹನಿ 5 ವೋಲ್ಟ್ ಪಿನ್ನಿಗೂ ಸಂಕೇತದ ಪಿನ್ನಿಗೂ ನಡುವೆ ಸೇತುವೆಯಾಗಿ ಕುಳಿತರೆ, ಸಂಕೇತ ತನ್ನ ಸ್ಥಾನದಿಂದ ಸರಿದುಬಿಡುತ್ತದೆ. ಕಾರು ಎತ್ತರವಾಗಿದೆ ಎಂದು ಮಾಡ್ಯೂಲ್ ನಂಬುತ್ತದೆ, ನಂಬಿ ಗಾಳಿ ಬಿಡುತ್ತದೆ. ಕೆಲವು ಕಾರುಗಳಲ್ಲಿ ಇದು ತದ್ವಿರುದ್ಧವಾಗಿ ನಡೆದು ಮೂಲೆ ಮೇಲೇರುವುದೂ ಉಂಟು.

ಸಂಕೇತ ಪೂರ್ತಿ ಹರವಿನಾಚೆಗೆ, ಅಂದರೆ ಸೊನ್ನೆಯ ಹತ್ತಿರಕ್ಕೋ 5 ವೋಲ್ಟ್ ಹತ್ತಿರಕ್ಕೋ ಹೋದರೆ ಮಾಡ್ಯೂಲ್ ಅದನ್ನು ತಳ್ಳಿಹಾಕಿ ಕೋಡ್ ಬರೆಯುತ್ತದೆ, ಕಾರನ್ನು ಇದ್ದಲ್ಲೇ ನಿಲ್ಲಿಸುತ್ತದೆ. ಅದು ಸುಲಭದ ರೋಗ. ಸಂಕೇತ ಹರವಿನ ಒಳಗೇ ಇದ್ದು ಅರ್ಧ ಮುಕ್ಕಾಲು ವೋಲ್ಟ್‌ನಷ್ಟು ತಪ್ಪಾಗಿದ್ದರೆ ಮಾಡ್ಯೂಲ್‌ಗೆ ಅನುಮಾನ ಬರುವುದೇ ಇಲ್ಲ. ಸುಳ್ಳುಸಾಕ್ಷಿಯನ್ನು ನಂಬಿದ ನ್ಯಾಯಾಧೀಶರಂತೆ ಅದು ಶ್ರದ್ಧೆಯಿಂದ ತಪ್ಪು ತೀರ್ಪು ಕೊಡುತ್ತಾ ಹೋಗುತ್ತದೆ. ನಿಮ್ಮ ಕಾರು ಮೊದಲ ಎರಡು ಕಿಲೋಮೀಟರ್‌ನಲ್ಲಿ ಸಂದೇಶವಿಲ್ಲದೆ ಕುಸಿದು, ಆಮೇಲೆ ಸಂದೇಶ ತೋರಿಸುವುದು ಇದೇ ಕ್ರಮದಲ್ಲಿ. ಚಕ್ರ ಎರಚಿದ ನೀರು ಒಳಸೇರುವವರೆಗೆ ಎಲ್ಲವೂ ಸರಿ, ಸೇರಿದ ಮೇಲೆ ಸುಳ್ಳು, ಸುಳ್ಳು ಹೆಚ್ಚಾದ ಮೇಲೆ ಕೋಡ್. ಬಿಸಿಲು ಬಿದ್ದ ದಿನ ಕನೆಕ್ಟರ್ ಒಣಗಿ ರೋಗವೇ ಮಾಯ.

ಹಾಗಾದರೆ ಕಂಪ್ರೆಸರ್ ಯಾಕೆ ಹೋಯಿತು ಎಂದು ನೀವು ಕೇಳಬಹುದು. ನೀರಿನ ಹನಿ ಒಂದೇ ಜಾಗದಲ್ಲಿ ಇರುವುದಿಲ್ಲ. ಅದು ಸರಿದಾಗ ಸಂಕೇತ ಮತ್ತೆ ನಿಜ ಹೇಳುತ್ತದೆ, ಮಾಡ್ಯೂಲ್ ಬೆಚ್ಚಿಬಿದ್ದು ಮೂಲೆಯನ್ನು ಎತ್ತಲು ಕಂಪ್ರೆಸರ್ ಓಡಿಸುತ್ತದೆ. ಮತ್ತೆ ಸುಳ್ಳು, ಮತ್ತೆ ಗಾಳಿ ಹೊರಕ್ಕೆ. ಈ ಕಂಪ್ರೆಸರ್‌ಗಳು ಸದಾ ಓಡಲೆಂದು ಮಾಡಿದವಲ್ಲ. ಒಂದೆರಡು ನಿಮಿಷ ಓಡಿ ಆಮೇಲೆ ತಣಿಯಬೇಕಾದ ಸಣ್ಣ ಯಂತ್ರಗಳವು. ಬಿಡುವಿಲ್ಲದೆ ಓಡಿದಾಗ ಪಿಸ್ಟನ್ನಿನ ಉಂಗುರ ಸವೆಯುತ್ತದೆ, ಸವೆದಷ್ಟೂ ಒತ್ತಡ ಏರಲು ಹೆಚ್ಚು ಹೊತ್ತು ಬೇಕಾಗುತ್ತದೆ, ಹೆಚ್ಚು ಹೊತ್ತು ಓಡಿದಷ್ಟೂ ಇನ್ನಷ್ಟು ಸವೆಯುತ್ತದೆ. ಜೊತೆಗೆ ಮೋಟರಿಗೆ ವಿದ್ಯುತ್ ಬಿಡುವ ಸ್ವಿಚ್ಚಾದ ರಿಲೇಯ ಸಂಪರ್ಕಬಿಂದುಗಳು ಪದೇ ಪದೇ ಕಿಡಿ ಹಾರಿಸಿ ಸುಟ್ಟು, ಕೊನೆಗೊಂದು ದಿನ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೆಸೆದುಕೊಂಡ ಮೇಲೆ ಮಾಡ್ಯೂಲ್ 'ನಿಲ್ಲು' ಎಂದರೂ ಮೋಟರ್ ನಿಲ್ಲುವುದಿಲ್ಲ. ಸಿಕ್ಕಿಹಾಕಿಕೊಳ್ಳುವವರೆಗೆ ಓಡಿ ಫ್ಯೂಸ್ ಸುಡುತ್ತದೆ. ಹೊಸ ಕಂಪ್ರೆಸರ್ ಹಾಕಿದವರು ರಿಲೇಯನ್ನೂ ಹೊಸದು ಹಾಕಿದ್ದರೇ ಎಂದು ಬಿಲ್ಲನ್ನೊಮ್ಮೆ ತೆಗೆದು ನೋಡಿ. ಅದರಲ್ಲಿ ರಿಲೇಯ ಸಾಲು ಇಲ್ಲದಿದ್ದರೆ ನಿಮ್ಮ ಎರಡು ಫ್ಯೂಸ್‌ಗಳಿಗೆ ಏನಾಯಿತೆಂದು ಬಹುಮಟ್ಟಿಗೆ ಗೊತ್ತಾದಂತೆಯೇ. ಕಂಪ್ರೆಸರ್ ಹೋದದ್ದು ನಿಜ, ಆದರೆ ಅದು ರೋಗದ ಫಲವೇ ಹೊರತು ಮೂಲವಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಮೂರು ವಾರದ ಮೇಲೆ ಜ್ವರ ಮತ್ತೆ ಬಂದಿದೆ.

ಇದೆಲ್ಲ ನಿಮ್ಮ ಪತ್ರ ಓದಿ ನಾನು ಮಾಡಿರುವ ಊಹೆ. ಊಹೆಯನ್ನು ಅಳತೆಯಿಂದ ಖಚಿತ ಮಾಡಿಕೊಳ್ಳದೆ ಒಂದು ಭಾಗವನ್ನೂ ಕೊಳ್ಳಬೇಡಿ. ಮೊದಲ ಅಳತೆ ಬ್ಯಾಟರಿಯದು. ರಾತ್ರಿಯೆಲ್ಲ ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಎಂದು ಸಣ್ಣ ಸಣ್ಣ ಓಡಾಟ ಮಾಡುವ ಕಾರುಗಳಲ್ಲಿ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ವೋಲ್ಟೇಜ್ ಇಳಿದಾಗ ಮಾಡ್ಯೂಲ್‌ಗಳು ಇಲ್ಲದ ದೋಷಗಳ ಕೋಡ್ ಬರೆಯುತ್ತವೆ, ಸಸ್ಪೆನ್ಷನ್ ಮಾಡ್ಯೂಲ್ ಕಂಪ್ರೆಸರನ್ನು ಓಡಿಸಲು ಒಪ್ಪದೆಯೂ ಇರಬಹುದು. ಬ್ಯಾಟರಿ ಸೊರಗಿರುವ ಕಾರಿನ ಕೋಡ್‌ಗಳನ್ನು ನಾನು ಕಾಗದದ ಮೇಲೆ ಬರೆದಿಟ್ಟುಕೊಂಡು, ಬ್ಯಾಟರಿ ಚಾರ್ಜ್ ಮಾಡಿ, ಕೋಡ್ ಅಳಿಸಿ, ಮತ್ತೆ ಬರುವವುಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಸ್ಕ್ಯಾನರ್ ಬಗ್ಗೆಯೂ ಒಂದು ಮಾತು. ಅಗ್ಗದ ಓಬಿಡಿ ಸ್ಕ್ಯಾನರ್‌ಗಳು ಬಹುಮಟ್ಟಿಗೆ ಎಂಜಿನ್ ಸಂಬಂಧಿ 'ಪಿ' ಅಕ್ಷರದ ಕೋಡ್‌ಗಳನ್ನಷ್ಟೇ ಓದುತ್ತವೆ. ಸಸ್ಪೆನ್ಷನ್ನಿನವು 'ಸಿ' ಅಕ್ಷರದವು, ಮಾಡ್ಯೂಲ್‌ಗಳ ನಡುವಿನ ಸಂಪರ್ಕ ಕಡಿದರೆ ಬರುವವು 'ಯು' ಅಕ್ಷರದವು. ನಿಮ್ಮ ಕಾರಿನ ತಯಾರಿಕೆಗೆ ಹೊಂದುವ, ಎತ್ತರದ ಅಂಕಿಗಳನ್ನು ಓಡುತ್ತಿರುವಂತೆಯೇ ತೋರಿಸಬಲ್ಲ ಸ್ಕ್ಯಾನರ್ ಇರುವವರ ಬಳಿಗೇ ಹೋಗಬೇಕು. ಮತ್ತು ಕೋಡ್ ಹೇಳುವುದನ್ನು ಅಕ್ಷರಶಃ ಓದಬೇಕು. 'ಸೆನ್ಸರ್ ಸಂಕೇತ ಅಸಹಜ' ಎಂದರೆ ಸಂಕೇತ ಅಸಹಜ ಎಂದೇ. ಸೆನ್ಸರ್ ಕೆಟ್ಟಿದೆ ಎಂದಲ್ಲ. ಸೆನ್ಸರ್, ಕಡ್ಡಿ, ಕನೆಕ್ಟರ್, ತಂತಿ, 5 ವೋಲ್ಟ್ ಪೂರೈಕೆ, ಅರ್ತ್ ಇವುಗಳಲ್ಲಿ ಯಾವುದು ಕೈಕೊಟ್ಟರೂ ಮಾಡ್ಯೂಲ್ ಬರೆಯುವುದು ಅದೇ ಒಂದು ಸಾಲನ್ನು.

ಸ್ಕ್ಯಾನರ್‌ನ ಅಂಕಿಯನ್ನು ಟೇಪಿನ ಅಳತೆಯ ಎದುರಿಗಿಟ್ಟು ನೋಡುವುದೇ ನನ್ನ ಮಟ್ಟಿಗೆ ಇಡೀ ಪರೀಕ್ಷೆಯ ಜೀವಾಳ. ಕಾರು ಕುಸಿದಿರುವಾಗಲೇ, ಅಂದರೆ ರೋಗ ಇರುವಾಗಲೇ, ಇದನ್ನು ಮಾಡಬೇಕು. ಟೇಪಿನಲ್ಲಿ ಹಿಂದಿನ ಎಡ ಮೂಲೆ ಬಲಕ್ಕಿಂತ 50 ಮಿಲಿಮೀಟರ್ ಕೆಳಗಿದ್ದು, ಸ್ಕ್ಯಾನರ್ ಎರಡೂ ಸಮವಾಗಿವೆ ಎಂದರೆ ಸೆನ್ಸರ್ ಸರಣಿಯಲ್ಲಿ ಎಲ್ಲೋ ಸುಳ್ಳಿದೆ. ಟೇಪೂ ಸ್ಕ್ಯಾನರೂ ಒಂದೇ ಮಾತು ಹೇಳುತ್ತಿದ್ದು, ಮಾಡ್ಯೂಲ್ ಆ ಮೂಲೆಯನ್ನು ಎತ್ತಲು ಯತ್ನಿಸುತ್ತಿದ್ದರೂ ಏಳದಿದ್ದರೆ, ಆಗ ಆ ಮೂಲೆಯ ವಾಲ್ವ್, ಪೈಪು, ಬೆಲ್ಲೋಗಳ ಕಡೆಗೆ ತಿರುಗಬೇಕು. ಬಿಸಿಲಿನಲ್ಲಿ ಕಾರು ತೆಗೆದುಕೊಂಡು ಹೋಗಿ 'ಎಲ್ಲ ಸರಿಯಿದೆ' ಎನಿಸಿಕೊಂಡು ಬರುವುದರಿಂದ ಪ್ರಯೋಜನವಿಲ್ಲ. ರೋಗ ಕಾಣದಿದ್ದರೆ ಬಕೆಟ್ಟಿನಲ್ಲಿ ನೀರು ತಂದು ಆ ಚಕ್ರದ ಕಮಾನಿನೊಳಗೆ ಚೆಲ್ಲಿ, ಅಂಕಿ ಹಾರುತ್ತದೆಯೇ ನೋಡಲಿ.

ಅಂಕಿ ಹಾರಿದರೆ ಕನೆಕ್ಟರ್ ಬಿಚ್ಚುವ ಸಮಯ ಬಂತು. ಚಕ್ರದ ಕಮಾನಿಗೆ ಕೈ ಹಾಕುವ ಮೊದಲು ಕಾರನ್ನು ಜಾಕ್ ಮೋಡ್‌ಗೆ (ಮಾಡ್ಯೂಲ್ ತಾನಾಗಿ ಎತ್ತರ ಬದಲಿಸದಂತೆ ತಡೆಯುವ ಸ್ಥಿತಿ) ಹಾಕಿ, ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಲೇಬೇಕು. ಬಾಗಿಲು ತೆರೆದ ಮಾತ್ರಕ್ಕೆ ಮಾಡ್ಯೂಲ್ ಎಚ್ಚರಗೊಂಡು ಎರಡು ಟನ್ನಿಗೂ ಮಿಕ್ಕ ಕಾರನ್ನು ತಟ್ಟನೆ ಇಳಿಸಬಹುದು. ಕನೆಕ್ಟರ್ ಬಿಚ್ಚಿದಾಗ ಕೆಂಪು ಕೆಸರು ಕಂಡರೆ ಆಶ್ಚರ್ಯವಿಲ್ಲ. ನೋಡಬೇಕಾದದ್ದು ಹಸಿರು. ತಾಮ್ರಕ್ಕೆ ಕಿಲುಬು ಹಿಡಿದಿದ್ದರೆ ಪಿನ್ನಿನ ಬುಡದಲ್ಲಿ ಹಸಿರು ಪುಡಿ ಕಾಣುತ್ತದೆ, ಮತ್ತು ಆ ಕಿಲುಬು ಪಿನ್ನಿನಲ್ಲಿಯೇ ನಿಲ್ಲದೆ ತಂತಿಯ ಎಳೆಗಳ ನಡುವೆ ನೀರು ಹೀರಿಕೊಂಡಷ್ಟು ದೂರವೂ ಹೊದಿಕೆಯ ಒಳಗೇ ಹಬ್ಬಿರುತ್ತದೆ. ಮೇಲಿಂದ ಸ್ಪ್ರೇ ಹೊಡೆದು ಒರೆಸಿ ಮತ್ತೆ ಚುಚ್ಚಿದರೆ ಒಂದು ವಾರ ಬಾಳಿಕೆ. ಹೊಳೆಯುವ ತಾಮ್ರ ಸಿಗುವವರೆಗೆ ತಂತಿಯನ್ನು ಕತ್ತರಿಸಿ, ಹೊಸ ಪಿನ್ನು ಮತ್ತು ಹೊಸ ರಬ್ಬರ್ ಸೀಲ್ ಹಾಕಿ, ತಂತಿ ಜೋಡಿಸಿದ ಕಡೆ ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಶ್ರಿಂಕ್ ಸ್ಲೀವ್ ಬಳಸಬೇಕು. ಮೂರು ತಂತಿಗಳ ಜೋಡಣೆಗಳೂ ಒಂದೇ ಸಾಲಿನಲ್ಲಿ ಬಾರದಂತೆ ಹಿಂದೆ ಮುಂದೆ ಇರಲಿ. ಸೀಲಿಗೆ ಸಿಲಿಕೋನ್ ಗ್ರೀಸ್ ಹಚ್ಚಬೇಕೇ ಹೊರತು ಬೇರಿಂಗ್ ಗ್ರೀಸ್ ಅಲ್ಲ, ಅದು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ತಂತಿ ಕನೆಕ್ಟರ್‌ಗೆ ಸೇರುವ ಮೊದಲು ಸ್ವಲ್ಪ ಕೆಳಕ್ಕೆ ಜೋತು ಮತ್ತೆ ಮೇಲೇರುವಂತೆ ಕಟ್ಟಿದರೆ ನೀರು ಆ ಜೋಲಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಮನೆಯ ಸರ್ವಿಸ್ ವೈರನ್ನು ಲೈನ್‌ಮ್ಯಾನ್ ಕಟ್ಟುವುದೂ ಹೀಗೆಯೇ.

ಇದೇ ಜಾಗದಲ್ಲಿ ನೋಡಬೇಕಾದದ್ದು ಇನ್ನೂ ಎರಡಿವೆ. ಸೆನ್ಸರಿನ ಕಡ್ಡಿ ಬಾಗಿದ್ದರೂ ಅದರ ಗುಂಡುಕೀಲು ಸಡಿಲವಾಗಿದ್ದರೂ ಸಂಕೇತ ತಪ್ಪುತ್ತದೆ, ಅದಕ್ಕೆ ಮೀಟರೇ ಬೇಡ, ಕೈಯೇ ಸಾಕು. ಎರಡನೆಯದು ಇಲಿ. ಕೊಯ್ಲಿನ ಕಾಲದಲ್ಲಿ ವಾರಗಟ್ಟಲೆ ಶೆಡ್ಡಿನಲ್ಲೇ ನಿಂತ ಕಾರಿನ ತಂತಿಗಳನ್ನು ಇಲಿ ಕಡಿದು, ಎಳೆಗಳಲ್ಲಿ ಎರಡು ಮೂರು ಮಾತ್ರ ಉಳಿದಿದ್ದನ್ನು ನಾನು ಸಕಲೇಶಪುರದ ಕಡೆಯ ಕಾರುಗಳಲ್ಲಿ ಹಲವು ಬಾರಿ ಕಂಡಿದ್ದೇನೆ. ಇಂಥ ತಂತಿ ನಿಂತಾಗ ಸರಿಯಾಗಿದ್ದು ಗುಂಡಿಗೆ ಬಿದ್ದಾಗ ಕಡಿಯುತ್ತದೆ. ಸ್ಕ್ಯಾನರ್ ನೋಡುತ್ತಾ ತಂತಿಯನ್ನು ಗೇಣು ಗೇಣಾಗಿ ಅಲುಗಾಡಿಸಿದರೆ ಸಿಕ್ಕಿಬೀಳುತ್ತದೆ. ಅಳತೆಗೆಂದು ತಂತಿಯ ಹೊದಿಕೆಯನ್ನು ಸೂಜಿಯಿಂದ ಚುಚ್ಚುವವರಿದ್ದಾರೆ. ಬಯಲುಸೀಮೆಯಲ್ಲಿ ಅದು ನಡೆದೀತು, ನಮ್ಮ ಮಲೆನಾಡಿನ ಮಳೆಗೆ ಆ ಸೂಜಿಮೊನೆಯಷ್ಟು ತೂತೇ ಮುಂದಿನ ಕಿಲುಬಿನ ಬಾಗಿಲು. ಕನೆಕ್ಟರ್‌ನ ಹಿಂಬದಿಯಿಂದ ತೆಳುವಾದ ಪಿನ್ ತೂರಿಸಿ ಅಳೆಯಬೇಕು. ಬಲ್ಬು ಕಟ್ಟಿದ ಟೆಸ್ಟ್ ಲ್ಯಾಂಪನ್ನು ಸೆನ್ಸರ್ ತಂತಿಗಳಿಗೆ ಎಂದೂ ತಾಗಿಸಬಾರದು. ಒಂದಕ್ಕಿಂತ ಹೆಚ್ಚು ಸೆನ್ಸರ್‌ಗಳ ಕೋಡ್ ಒಟ್ಟಿಗೆ ಬಂದಿದ್ದರೆ, ಅವು ಹಂಚಿಕೊಂಡಿರುವ 5 ವೋಲ್ಟ್ ಪೂರೈಕೆಯನ್ನು ಯಾವುದೋ ಒಂದು ಸೆನ್ಸರ್ ನೆಲಕ್ಕೆ ಎಳೆದಿರುವ ಸಾಧ್ಯತೆಯೇ ಹೆಚ್ಚು. ಒಂದೊಂದನ್ನೇ ಬಿಚ್ಚುತ್ತಾ ಹೋದರೆ ಅಪರಾಧಿ ಬಿಚ್ಚಿದ ಕ್ಷಣ 5 ವೋಲ್ಟ್ ಮರಳುತ್ತದೆ.

ಇನ್ನು ಕಂಪ್ರೆಸರ್‌ನ ಸರ್ಕ್ಯೂಟ್. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ಹಾಸನದಲ್ಲಿ ನನ್ನ ಬಳಿ ಬಂದ ಒಂದು ಸೆಡಾನ್ ಮೆಲ್ಲಗೆ, ನರಳುತ್ತಾ ಮೇಲೇಳುತ್ತಿತ್ತು. ಕಂಪ್ರೆಸರ್‌ಗೆ ಬರುವ ತಂತಿಯಲ್ಲಿ ಮೀಟರ್ ಇಟ್ಟು ನೋಡಿದೆ, 12 ವೋಲ್ಟ್ ಇತ್ತು. ಅರ್ತನ್ನು ಓಮ್ ಮೀಟರ್‌ನಲ್ಲಿ ನೋಡಿದೆ, ಸೊನ್ನೆಯ ಹತ್ತಿರವೇ ಇತ್ತು. ಪೂರೈಕೆ ಸರಿಯಿದೆ ಎಂದುಕೊಂಡು ಕಂಪ್ರೆಸರ್ ತರಿಸಿ ಹಾಕಿದೆ. ಹೊಸದೂ ನರಳಿತು. ಕೊನೆಗೆ ನೋಡಿದರೆ ಅರ್ತ್ ಬೋಲ್ಟಿನ ಕೆಳಗೆ ತುಕ್ಕಿನ ಪದರವಿತ್ತು. ಆ ಕಂಪ್ರೆಸರಿನ ದುಡ್ಡನ್ನು ನಾನೇ ಹಿಂದಿರುಗಿಸಬೇಕಾಯಿತು.

ನಾನು ಮರೆತದ್ದು ಇಷ್ಟು: ಮೋಟರ್ ಓಡದೆ ಇರುವಾಗ ತಂತಿಯಲ್ಲಿ ಕಾಣುವ 12 ವೋಲ್ಟ್‌ಗೆ ಅರ್ಥವಿಲ್ಲ. ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟನ್ನೇ ತೋರಿಸುತ್ತದೆ. ಸಂಪರ್ಕದಲ್ಲಿ 0.1 ಓಮ್ ರೋಧ ಇದ್ದರೆ ಸಾಮಾನ್ಯ ಮಲ್ಟಿಮೀಟರ್ ಅದನ್ನು ತನ್ನ ವೈರುಗಳ ರೋಧದಿಂದ ಬೇರ್ಪಡಿಸಿ ಹೇಳಲಾರದು. ಆದರೆ ಅದೇ ಸಂಪರ್ಕದ ಮೂಲಕ 25 ಆಂಪಿಯರ್ ಹರಿದಾಗ ಎರಡೂವರೆ ವೋಲ್ಟ್ ಅಲ್ಲಿಯೇ ಖರ್ಚಾಗಿ, ಸುಮಾರು 62 ವಾಟ್ ಶಾಖ ಆ ಒಂದು ಬಿಂದುವಿನಲ್ಲಿ ಹುಟ್ಟುತ್ತದೆ. ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ ಒಂದನ್ನು ಕನೆಕ್ಟರ್‌ನೊಳಗೆ ಇಟ್ಟ ಹಾಗೆ. ಪ್ಲಾಸ್ಟಿಕ್ ಕಂದಾಗುವುದು, ಪಿನ್ನು ಸಡಿಲವಾಗುವುದು ಇದರಿಂದಲೇ.

ಆದ್ದರಿಂದ ಅಳತೆಯನ್ನು ಕಂಪ್ರೆಸರ್ ಓಡುತ್ತಿರುವಾಗ ಮಾಡಬೇಕು. ಎತ್ತರದ ಗುಂಡಿಯನ್ನು ಒತ್ತಿಯೋ ಸ್ಕ್ಯಾನರ್ ಮೂಲಕವೋ ಅದನ್ನು ಓಡಿಸಿ, ಮೀಟರ್‌ನ ಒಂದು ಮೊನೆಯನ್ನು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಕಂಪ್ರೆಸರ್ ಕನೆಕ್ಟರ್‌ನ ಪ್ಲಸ್‌ಗೆ ಇಟ್ಟರೆ, ದಾರಿಯಲ್ಲಿ ಕಳೆದುಹೋದ ವೋಲ್ಟೇಜ್ ನೇರವಾಗಿ ಕಾಣುತ್ತದೆ. ಅರ್ಧ ವೋಲ್ಟ್‌ಗಿಂತ ಹೆಚ್ಚಿದ್ದರೆ ನಾನು ಒಪ್ಪುವುದಿಲ್ಲ. ಅರ್ತ್ ಕಡೆ, ಅಂದರೆ ಬ್ಯಾಟರಿ ಮೈನಸ್‌ನಿಂದ ಕಂಪ್ರೆಸರ್ ಮೈನಸ್‌ಗೆ, 0.2 ವೋಲ್ಟ್ ದಾಟಬಾರದು. ದಾಟಿದರೆ ದಾರಿಯನ್ನು ಅರ್ಧರ್ಧ ಮಾಡುತ್ತಾ ಬನ್ನಿ: ಫ್ಯೂಸಿನ ಈಚೆ, ಆಚೆ, ರಿಲೇಗೆ ವಿದ್ಯುತ್ ಬರುವ 30ನೇ ಪಿನ್, ಅಲ್ಲಿಂದ ಹೊರಡುವ 87ನೇ ಪಿನ್. ಎಲ್ಲಿ ಅಂಕಿ ಜಿಗಿಯುತ್ತದೋ ಅಲ್ಲಿಯೇ ದೋಷ. ತಂತಿಯನ್ನು ಸುತ್ತಿ ಹಿಡಿದು ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರ್ ಇದ್ದರೆ ಕಂಪ್ರೆಸರ್ ಎಳೆಯುವ ಆಂಪಿಯರನ್ನೂ ನೋಡಬಹುದು. ಫ್ಯೂಸಿನ ಅಂಕಿಗಿಂತ ಸಾಕಷ್ಟು ಕೆಳಗೆ, ಒತ್ತಡ ಏರಿದಂತೆ ನಿಧಾನವಾಗಿ ಏರಬೇಕು. ಕಾರಿಗೆ ಬೀಗ ಹಾಕಿ ಹೋದ ಮೇಲೂ ಕ್ಲ್ಯಾಂಪ್ ಮೀಟರ್ ಹಲವು ಆಂಪಿಯರ್ ತೋರಿಸುತ್ತಿದ್ದರೆ ರಿಲೇ ಬೆಸೆದುಕೊಂಡಿದೆ ಎಂದು ಬೇರೆ ಹೇಳಬೇಕಾಗಿಲ್ಲ.

'ಮಿತಿಮೀರಿ ಓಡಿದೆ' ಎಂಬ ಕೋಡ್‌ಗೆ ನಮ್ಮ ಜಿಲ್ಲೆಯದೇ ಒಂದು ಕಾರಣವೂ ಸೇರಿಕೊಂಡಿರಬಹುದು. ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಐದನೇ ಒಂದು ಭಾಗ ಕಡಿಮೆ. ಅಷ್ಟೇ ಬೆಲ್ಲೋ ತುಂಬಲು ಅಲ್ಲಿ ಕಂಪ್ರೆಸರ್ ಹೆಚ್ಚು ಹೊತ್ತು ಓಡಲೇಬೇಕು. ಮಂಗಳೂರಿನಲ್ಲಿ ಹೇಗೋ ನಿಭಾಯಿಸುತ್ತಿದ್ದ ಸವೆದ ಕಂಪ್ರೆಸರ್ ಗಿರಿಯ ಮೇಲೆ ಕೈಚೆಲ್ಲುವುದು ಹೀಗೆ. ಆರೋಗ್ಯವಂತ ಕಂಪ್ರೆಸರ್‌ಗೆ ಇದರಿಂದ ತೊಂದರೆಯಿಲ್ಲ.

ಮಾಡ್ಯೂಲ್ ಬದಲಿಸಬೇಕೆಂಬ ಸಲಹೆಯ ವಿಷಯದಲ್ಲಿ ನಾನು ಬಿಗಿ. ಪೂರೈಕೆ, ಅರ್ತ್, ಸೆನ್ಸರ್ ತಂತಿಗಳು ಎಲ್ಲವೂ ಸರಿಯೆಂದು ಅಳೆದು ತೋರಿಸಿದ ಮೇಲೆ ಮಾತ್ರ ಮಾಡ್ಯೂಲ್ ಮೇಲೆ ಕೈ ಇಡಬೇಕು. ಆದರೆ ಅದನ್ನು ಕಣ್ಣಿಂದ ನೋಡುವುದಕ್ಕೆ ಖರ್ಚಿಲ್ಲ, ನೋಡಲೇಬೇಕು. ಕಾಫಿ ತೋಟದ ನೆರಳಿನಲ್ಲಿ ನಿಲ್ಲುವ ಕಾರುಗಳ ಶತ್ರು ಸಿಲ್ವರ್ ಓಕ್ ಎಲೆ. ಅದು ಸನ್‌ರೂಫಿನ ಮತ್ತು ವೈಪರ್ ಕೆಳಗಿನ ನೀರು ಹರಿಯುವ ಕಿಂಡಿಗಳಲ್ಲಿ ಕೊಳೆತು ಕುಳಿತರೆ, ನೀರು ಬಾಗಿಲ ಪಕ್ಕದ ಕಂಬದೊಳಗಿನಿಂದ ಇಳಿದು ಕಾರ್ಪೆಟ್ಟಿನ ಅಡಿಗೋ ಡಿಕ್ಕಿಯ ಮೂಲೆಗೋ ಸೇರುತ್ತದೆ. ಹಲವು ಕಾರುಗಳಲ್ಲಿ ಮಾಡ್ಯೂಲ್‌ಗಳು ಇರುವುದೂ ಅಲ್ಲೇ. ಕಾರ್ಪೆಟ್ ಒತ್ತಿ ನೋಡಿ. ಕೈ ಒದ್ದೆಯಾದರೆ ಮೊದಲು ಕಿಂಡಿ ಬಿಡಿಸಿ ಒಣಗಿಸಬೇಕು. ಮಾಡ್ಯೂಲ್‌ಗಳು ಪರಸ್ಪರ ಮಾತಾಡುವ ಕ್ಯಾನ್ ತಂತಿಗಳನ್ನೂ ಆಗಲೇ ನೋಡಿಬಿಡಬಹುದು: ಬ್ಯಾಟರಿ ಕಳಚಿ ಆ ಎರಡು ತಂತಿಗಳ ನಡುವೆ ಅಳೆದರೆ ಸಾಮಾನ್ಯವಾಗಿ 60 ಓಮ್ ಬರಬೇಕು. 120 ಬಂದರೆ ಒಂದು ಕಡೆ ಸಂಪರ್ಕ ಕಡಿದಿದೆ. ನಿಮ್ಮ ಕಾರಿನಲ್ಲಿ 'ಯು' ಕೋಡ್ ಬಂದಿಲ್ಲವಾದ್ದರಿಂದ ಈ ಕಡೆ ನಾನು ಹೆಚ್ಚು ಹೊತ್ತು ಕಳೆಯುವುದಿಲ್ಲ. ವಾಟರ್ ಸರ್ವಿಸ್ ಮಾಡಿಸುವಾಗ ಚಕ್ರದ ಕಮಾನಿನೊಳಗೆ ಹೈ ಪ್ರೆಷರ್ ನೀರನ್ನು ನೇರವಾಗಿ ಹೊಡೆಯದಂತೆ ಹೇಳಿ, ಸೀಲುಗಳು ಮಳೆಯನ್ನು ತಡೆಯಬಲ್ಲವು, ಆ ಪಂಪನ್ನಲ್ಲ.

ಕಾಯಿಲ್ ಸ್ಪ್ರಿಂಗ್ ಹಾಕಿಸುವುದನ್ನು ನಾನು ಪಾಪವೆನ್ನುವುದಿಲ್ಲ. ಬೆಲ್ಲೋಗಳೆಲ್ಲ ಬಿರಿದು, ಕಾರಿನ ಬೆಲೆಗೂ ರಿಪೇರಿಯ ಬೆಲೆಗೂ ತಾಳೆಯಾಗದ ಹಳೆಯ ಕಾರುಗಳಿಗೆ ಅದೊಂದು ದಾರಿ. ಆದರೆ ನಿಮ್ಮ ಕಾರಿನ ಬೆಲ್ಲೋಗಳು ರಾತ್ರಿಯಿಡೀ ಗಾಳಿ ಹಿಡಿದು ನಿಲ್ಲುತ್ತಿವೆ. ಒಂದು ಕನೆಕ್ಟರ್‌ನ ಕಿಲುಬಿಗಾಗಿ ಗಟ್ಟಿಮುಟ್ಟಾದ ನಾಲ್ಕು ಸ್ಟ್ರಟ್‌ಗಳನ್ನು ಕಿತ್ತು ಗುಜರಿಗೆ ಹಾಕಿ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಉರಿಯದಂತೆ ಮಾಡಲು ಮತ್ತೆ ಇನ್ನೊಬ್ಬರ ಬಳಿ ಕೋಡಿಂಗ್ ಮಾಡಿಸುವುದು ಯಾವ ಲೆಕ್ಕದಲ್ಲೂ ಕೂಡಿಬರುವುದಿಲ್ಲ. ಒಂದು ವೇಳೆ ಸೆನ್ಸರನ್ನೇ ಬದಲಿಸಬೇಕಾಗಿ ಬಂದರೆ, ಹಾಕಿದ ಮೇಲೆ ಸ್ಕ್ಯಾನರ್‌ನಲ್ಲಿ ಎತ್ತರದ ಕ್ಯಾಲಿಬ್ರೇಷನ್ ಮಾಡಿಸುವುದನ್ನು ಮರೆಯಬೇಡಿ. ಅದನ್ನು ಬಿಟ್ಟರೆ ಹೊಸ ಸೆನ್ಸರೂ ಹಳೆಯದರಂತೆ ತಪ್ಪು ಎತ್ತರವನ್ನೇ ಹೇಳಬಹುದು.

ಮಳೆಗಾಲ ಮುಗಿಯುವವರೆಗೆ ಹೀಗೆಯೇ ಓಡಿಸಬಹುದೇ ಎಂದಿದ್ದೀರಿ. 60 ಆಂಪಿಯರ್ ಫ್ಯೂಸ್ ಇರುವಾಗ ಒಂದು ಕಿಲೋಮೀಟರ್ ಕೂಡ ಬೇಡ. 40 ಆಂಪಿಯರಿನದನ್ನು ಹಾಕಿ, ರಿಲೇ ಹೊಸದು ಮಾಡಿದ ಮೇಲೆ, ಕುಸಿದ ಮೂಲೆ ಟೈರಿಗೆ ತಾಗದಿದ್ದರೆ ನಿಧಾನವಾಗಿ ಮೂಡಿಗೆರೆಗೋ ಚಿಕ್ಕಮಗಳೂರಿಗೋ, ಅಂದರೆ ರಿಪೇರಿಯ ಜಾಗದವರೆಗೆ, ತೆಗೆದುಕೊಂಡು ಹೋಗಬಹುದು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವ ಸಾಹಸ ಬೇಡ. ಒಂದು ಮೂಲೆ ರಬ್ಬರ್ ತಡೆಯ ಮೇಲೆ ಕುಳಿತ ಕಾರಿಗೆ ತಿರುವಿನಲ್ಲಿ ಆ ಚಕ್ರದ ಹಿಡಿತ ಸರಿಯಾಗಿ ಇರುವುದಿಲ್ಲ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಅದು ಗೊತ್ತಾಗುತ್ತದೆ. ಗ್ಯಾರೇಜಿಗೆ ಹೋಗುವಾಗ ಟೇಪಿನ ಅಳತೆಗಳ ಚೀಟಿಯನ್ನು ಜೊತೆಗೆ ಒಯ್ಯಿರಿ, ಮತ್ತು ಸಾಧ್ಯವಾದರೆ ಮಳೆ ಸುರಿಯುತ್ತಿರುವ ದಿನವೇ ಹೋಗಿ.